ಕಣ್ಣಿರುವ ಪಾತಾಳಗರಡಿ

ಬಾವಿಗೆ ಕೊಡಪಾನ ಬಿದ್ದರೆ ಹಿಂದೆಲ್ಲ ಪಾತಾಳಗರಡಿ ಇಳಿಸುತ್ತಿದ್ದರು. ಹಗ್ಗದ ತುದಿಯಲ್ಲಿ ಕಬ್ಬಿಣದ ಕೊಕ್ಕೆಗಳ ಗೊಂಚಲು. ಅಡಿಯಲ್ಲಿ ಏನಿದೆಯೋ ಕಾಣದು, ಕೈಗೆ ತಾಗುವ ಜಗ್ಗಿನಿಂದಲೇ ಅಂದಾಜು. ಅದೇ ಕೆಲಸವನ್ನು ನೋಡಿಕೊಂಡು ಮಾಡುವ ಸಾಧನವೊಂದಿದೆ: ಮೇಲೆ ಕುಳಿತು ನಡೆಸುವ, ನೀರೊಳಗೆ ಈಜುವ ಯಂತ್ರ. ಆರ್‌ಒವಿ ಎಂದು ಕರೆಯುತ್ತಾರೆ. ತೈಲ ಕಂಪನಿಗಳ, ನೌಕಾಪಡೆಗಳ ಸೊತ್ತಾಗಿದ್ದ ಇದನ್ನು ಈಗ ಹವ್ಯಾಸಿಗಳು ಮನೆಯಲ್ಲೇ ಕಟ್ಟುತ್ತಾರೆ. 2012ರಲ್ಲಿ ಅಮೆರಿಕದ ಎರಿಕ್ ಸ್ಟ್ಯಾಕ್‌ಪೋಲ್ ಮತ್ತು ಡೇವಿಡ್ ಲ್ಯಾಂಗ್ ಎಂಬಿಬ್ಬರು ಓಪನ್‌ಆರ್‌ಒವಿ ಎಂಬ ಪುಟ್ಟ ಯಂತ್ರಕ್ಕೆ ಜನರಿಂದಲೇ ಹಣ ಕೂಡಿಸಿದರು. ಕ್ಯಾಲಿಫೋರ್ನಿಯಾದ ಗುಹೆಯೊಂದರ ನೀರುಗುಂಡಿಯಲ್ಲಿ ದರೋಡೆಯ ಚಿನ್ನವಿದೆ ಎಂಬ ದಂತಕಥೆಯಿಂದ ಶುರುವಾದ ಕೆಲಸವದು. ಚಿನ್ನ ಸಿಗಲಿಲ್ಲ. ಯಂತ್ರದ ನಕ್ಷೆ ಮಾತ್ರ ಎಲ್ಲರಿಗೂ ಉಚಿತವಾಗಿ ಸಿಕ್ಕಿತು.

ಈಗ ನನ್ನ ಮಾತು ರೇಡಿಯೊ ಅಲೆಯಾಗಿ ಮೂಡುಬಿದಿರೆ ಬಳಿಯ ಶಿರ್ತಾಡಿಯ ಅಡಿಕೆ ತೋಟದವರೆಗೂ ಬರುತ್ತಿದೆ. ಆದರೆ ಅಲ್ಲೇ ತೋಟದ ಕೆರೆಯಲ್ಲಿ ಆಳಕ್ಕೆ ಮುಳುಗಿದವರಿಗೆ ಸರಿಯಾಗಿ ತಲುಪದು. ನೀರು ರೇಡಿಯೊ ಅಲೆಯನ್ನು ಹೀರಿಬಿಡುತ್ತದೆ. ಡ್ರೋನು, ವೈಫೈ ಬಳಸುವ ಅಲೆಗಳು ನೀರಿನಲ್ಲಿ ಒಂದೆರಡು ಮೊಳ ದಾಟುವುದೇ ಕಷ್ಟ. ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ನಮ್ಮ ನೌಕಾಪಡೆ ತಮಿಳುನಾಡಿನ ತಿರುನೆಲ್ವೇಲಿಯ ಬಳಿ ಬಹಳ ಉದ್ದನೆಯ ಅಲೆಗಳ ಕೇಂದ್ರವನ್ನೇ ಕಟ್ಟಿದೆ. ಆ ಅಲೆಗಳಲ್ಲೂ ಕಳಿಸಬಹುದಾದದ್ದು ನಿಧಾನದ ಅಕ್ಷರಗಳನ್ನೇ ಹೊರತು ವಿಡಿಯೊವನ್ನಲ್ಲ. ಹಾಗಾಗಿ ನೀರಿಗಿಳಿಯುವ ಯಂತ್ರಕ್ಕೆ ವಯರು ಬೇಕೇ ಬೇಕು. ಉಳಿದ ಎಲೆಕ್ಟ್ರಾನಿಕ್ಸಿನ ಬಹುಪಾಲು ಹೇಗಿರಬೇಕೆಂದು ತೀರ್ಮಾನಿಸುವುದೂ ಈ ವಯರೇ.

ಅದು ಹೇಗೆಂದು ಶಿರ್ತಾಡಿಯ ಕೃಷಿಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಪು ದೂರವಾದಷ್ಟೂ ದಪ್ಪ ವಯರು ಎಳೆಯಬೇಕು, ಇಲ್ಲದಿದ್ದರೆ ಲೋ ವೋಲ್ಟೇಜಿಗೆ ಮೋಟಾರು ಸುಟ್ಟುಹೋಗುತ್ತದೆ ಎಂಬುದು ಅಲ್ಲಿ ದುಡ್ಡು ಕೊಟ್ಟು ಕಲಿತ ಪಾಠ. ಇಲ್ಲೂ ಲೆಕ್ಕ ಅದೇ. 30 ಮೀಟರ್ ಉದ್ದದ, ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವಯರು ತೆಗೆದುಕೊಳ್ಳಿ. ಹೋಗಿಬರುವ ದಾರಿ ಸೇರಿ 60 ಮೀಟರ್. ಅದರ ತಡೆ ಸುಮಾರು 0.7 ಓಮ್. ಕಾರಿನ ಬ್ಯಾಟರಿಯ 12 ವೋಲ್ಟಿನಲ್ಲಿ 10 ಆಂಪಿಯರ್ ಹರಿಸಿದರೆ ದಾರಿಯಲ್ಲೇ 7 ವೋಲ್ಟ್ ಕರಗುತ್ತದೆ, ಯಂತ್ರಕ್ಕೆ ಮುಟ್ಟುವುದು ಬರೀ 5. ಅದೇ 120 ವಾಟ್ ಶಕ್ತಿಯನ್ನು 48 ವೋಲ್ಟಿನಲ್ಲಿ ಕಳಿಸಿದರೆ ಎರಡೂವರೆ ಆಂಪಿಯರ್ ಸಾಕು, ನಷ್ಟ ಎರಡು ವೋಲ್ಟಿನೊಳಗೆ. ಆಮೇಲೆ ಯಂತ್ರದೊಳಗೆ ಕನ್ವರ್ಟರ್ ಇಟ್ಟು ಇಳಿಸಿಕೊಂಡರಾಯಿತು. ಇನ್ನು ಕೆಲವರು ಬ್ಯಾಟರಿಯನ್ನೇ ಯಂತ್ರದೊಳಗಿಟ್ಟು, ವಯರಿನಲ್ಲಿ ಆದೇಶ ಮತ್ತು ಚಿತ್ರ ಮಾತ್ರ ಹರಿಸುತ್ತಾರೆ. ಆಗ ಹೆಣೆದ ಎರಡೇ ಎಳೆಯ ತೆಳು ಕೇಬಲ್ ಸಾಕು. ಚಾರ್ಜು ಮುಗಿದಾಗ ಮೇಲೆತ್ತಬೇಕು, ನಿಜ. ಆದರೂ ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ. ಮನೆಯ 230 ವೋಲ್ಟಿನ ಕರೆಂಟನ್ನಂತೂ ಯಾವ ಕಾರಣಕ್ಕೂ ನೀರಿಗೆ ಒಯ್ಯಬಾರದು.

ಮೋಟಾರಿನ ವಿಷಯ ಇನ್ನೂ ಸ್ವಾರಸ್ಯದ್ದು. ನೀರು ಒಳಬಾರದಂತೆ ಮೋಟಾರನ್ನು ಮುಚ್ಚಬೇಕೆಂದು ಎಲ್ಲರಿಗೂ ಅನಿಸುತ್ತದೆ. ತಿರುಗುವ ಅಚ್ಚಿಗೆ ಎಷ್ಟು ಸೀಲು ಹಾಕಿದರೂ ಅದು ಒಂದಲ್ಲ ಒಂದು ದಿನ ಸವೆಯುತ್ತದೆ. ಹಾಗಾಗಿ ಈಗಿನ ಯಂತ್ರಗಳಲ್ಲಿ ಬ್ರಶ್ ಇಲ್ಲದ ಮೋಟಾರಿನ ಸುರುಳಿಗೆ ಎಪಾಕ್ಸಿ ಬಳಿದು, ನೀರು ಒಳಗೆ ಧಾರಾಳವಾಗಿ ಹರಿದಾಡಲೆಂದು ಬಿಟ್ಟುಬಿಡುತ್ತಾರೆ. ಹೊಸ ಉಪಾಯವೇನಲ್ಲ. ನಮ್ಮ ಕೊಳವೆ ಬಾವಿಯ ಎಷ್ಟೋ ಮೋಟಾರುಗಳ ಒಳಗೂ ನೀರೇ ತುಂಬಿರುತ್ತದೆ, ವೈಂಡಿಂಗ್ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಮೂಡುಬಿದಿರೆ ಪೇಟೆಯ ವೈಂಡಿಂಗ್ ಅಂಗಡಿಯವರಿಗೆ ಗೊತ್ತಿರುವ ಈ ಸಂಗತಿಯನ್ನು ಮಿಜಾರಿನ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಅಲ್ಲಿಗೇ ಹೋಗಿ ಕೇಳಿದರೆ ಚೆನ್ನ.

ಇನ್ನು ಮಿದುಳು. ಡ್ರೋನಿನಲ್ಲಿ ಬಳಸುವ ನಿಯಂತ್ರಕವೇ ಇಲ್ಲೂ ನಡೆಯುತ್ತದೆ. ಅದಕ್ಕೆ ಆರ್ಡುಸಬ್ ಎಂಬ ಉಚಿತ ತಂತ್ರಾಂಶವಿದೆ. ಪಕ್ಕದಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಕ್ಯಾಮೆರಾದ ಚಿತ್ರವನ್ನು ಮೇಲಿನ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ನೀವು ಜಾಯ್‌ಸ್ಟಿಕ್ ತಳ್ಳಿದಾಗ ಪ್ರತಿ ಮೋಟಾರಿಗೂ ಸೆಕೆಂಡಿನ ಸಾವಿರದ ಒಂದೆರಡು ಅಂಶದಷ್ಟು ಚಿಕ್ಕ ಮಿಡಿತಗಳು ಹೋಗುತ್ತವೆ. ಮಿಡಿತ 1500 ಮೈಕ್ರೋಸೆಕೆಂಡ್ ಇದ್ದರೆ ಮೋಟಾರು ನಿಂತಿರುತ್ತದೆ, 1900ಕ್ಕೆ ಪೂರ್ತಿ ಮುಂದಕ್ಕೆ, 1100ಕ್ಕೆ ಪೂರ್ತಿ ಹಿಂದಕ್ಕೆ.

ಆಳ ತಿಳಿಯುವುದು ಒತ್ತಡದಿಂದ. ಪ್ರತಿ 10 ಮೀಟರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ‘5 ಮೀಟರಿನಲ್ಲೇ ನಿಲ್ಲು’ ಎಂದಿರಿ ಅನ್ನಿ. ಯಂತ್ರ 5.2ಕ್ಕೆ ಇಳಿದರೆ ನಿಯಂತ್ರಕ ಮೂರು ಸಂಗತಿ ನೋಡುತ್ತದೆ: ಈಗ ಎಷ್ಟು ತಪ್ಪಿದೆ, ಇಷ್ಟು ಹೊತ್ತು ಒಟ್ಟು ಎಷ್ಟು ತಪ್ಪುತ್ತ ಬಂದಿದೆ, ತಪ್ಪು ಎಷ್ಟು ಬೇಗ ಹೆಚ್ಚುತ್ತಿದೆ ಅಥವಾ ಕಡಿಮೆಯಾಗುತ್ತಿದೆ. ಮೊದಲನೆಯದನ್ನಷ್ಟೇ ನಂಬಿದರೆ ಯಂತ್ರ ಮೇಲೆ ಕೆಳಗೆ ಓಲಾಡುತ್ತಲೇ ಇರಬಹುದು. ಮೂರನ್ನೂ ಯಾವ ಪ್ರಮಾಣದಲ್ಲಿ ಬೆರೆಸಬೇಕೆಂಬುದನ್ನು ನೀರಿನಲ್ಲಿಳಿಸಿ ನೋಡಿಯೇ ಹೊಂದಿಸಬೇಕು. ಕೆರೆಯಲ್ಲಿ ಹೊಂದಿಸಿದ್ದು ಪಣಂಬೂರಿನ ಕಡಲಲ್ಲಿ ಹಾಗೆಯೇ ನಡೆಯದು. ಉಪ್ಪುನೀರು ನೂರಕ್ಕೆ ಸುಮಾರು ಎರಡೂವರೆ ಪಾಲು ಹೆಚ್ಚು ಭಾರ. ಸಿಹಿನೀರಲ್ಲಿ ಸಮತೂಕವಾಗಿ ತೇಲುವ 10 ಕಿಲೋ ಯಂತ್ರಕ್ಕೆ ಕಡಲಿನಲ್ಲಿ ಕಾಲು ಕಿಲೋ ತೂಕ ಕಟ್ಟಬೇಕಾಗುತ್ತದೆ. ದಿಕ್ಕಿನ ವಿಷಯದಲ್ಲೂ ಒಂದು ಎಡವಟ್ಟಿದೆ. ನೀರಿನಡಿ ಜಿಪಿಎಸ್ ಇಲ್ಲ, ದಿಕ್ಸೂಚಿಯನ್ನೇ ನಂಬಬೇಕು. ಕಬ್ಬಿಣದ ಸರಳಿರುವ ಸಿಮೆಂಟ್ ರಿಂಗಿನ ಬಾವಿಯಲ್ಲಿ ಅದೂ ತಬ್ಬಿಬ್ಬಾಗುತ್ತದೆ. ಕೆಂಪುಕಲ್ಲಿನ ಹಳೆಯ ಬಾವಿ ಈ ಮಟ್ಟಿಗೆ ವಾಸಿ.

ಇಷ್ಟೆಲ್ಲ ಇದ್ದರೂ ಇದರ ಮಿತಿ ಗೊತ್ತಿರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಯ ಪಾಲಾಯಿತು. ನೌಕಾಪಡೆಯವರು ಬಂದರು, ಮಲ್ಪೆಯ ಮುಳುಗುತಜ್ಞ ಈಶ್ವರ್ ಇಳಿದರು. ಕೆಂಪು ರಾಡಿ, ಭಯಂಕರ ಸೆಳೆತ. ಲಾರಿ ಮೇಲೆ ಬಂದದ್ದು ಗೋವಾದಿಂದ ಡ್ರೆಜರ್ ತರಿಸಿದ ಮೇಲೆ, ಸೆಪ್ಟೆಂಬರ್ 25ಕ್ಕೆ. ಅಂಥ ಕಡೆ ಮನೆಯಲ್ಲಿ ಕಟ್ಟಿದ ಯಂತ್ರ ಏನೂ ಮಾಡಲಾರದು. ಹರಿವಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಮಡಿಯಾಗುತ್ತದೆ, ಉದ್ದದ ಕೇಬಲ್ಲೇ ಯಂತ್ರವನ್ನು ಎಳೆದೊಯ್ಯುತ್ತದೆ. ರಾಡಿಯಲ್ಲಿ ಎಷ್ಟು ದೊಡ್ಡ ದೀಪ ಹಾಕಿದರೂ ಮಣ್ಣಿನ ಕಣಗಳೇ ಹೊಳೆದು ಪರದೆ ಬೆಳ್ಳಗಾಗುತ್ತದೆ. ಅಲ್ಲಿಗೆ ಶಬ್ದದಿಂದ ನೋಡುವ ಸೋನಾರೇ ಆಗಬೇಕು.

ನಿಂತ ನೀರು ಇದಕ್ಕೆ ತಕ್ಕ ಜಾಗ. ಹಾಳು ಬಾವಿಗೆ ಮನುಷ್ಯರನ್ನು ಇಳಿಸಿ, ಅವರು ಉಸಿರುಗಟ್ಟಿ ಸಾಯುವ ಸುದ್ದಿ ಓದುತ್ತಲೇ ಇರುತ್ತೇವೆ. ಫುಟ್‌ವಾಲ್ವ್ ಎಲ್ಲಿ ಸಿಕ್ಕಿದೆ, ಕಲ್ಲು ಎಲ್ಲಿ ಜರಿದಿದೆ ಎಂದು ನೋಡಲು ಜನ ಇಳಿಯಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಇಳಿಸುವ ಮೊದಲು, ಎಲೆಕ್ಟ್ರಾನಿಕ್ಸ್ ಇಟ್ಟು ಮುಚ್ಚಿದ ಕೊಳವೆಯ ಗಾಳಿಯನ್ನು ಕೈಪಂಪಿನಿಂದ ಹೀರಿ, ಮಾಪಕದ ಮುಳ್ಳು ಅಲುಗದೆ ನಿಂತಿದೆಯೇ ನೋಡಿ. ಮುಳ್ಳು ಜಾರಿದರೆ ಆ ದಿನ ಇಳಿಸಬೇಡಿ. ಕೇಬಲ್ ಸಡಿಲಿಸಲು, ಎಳೆದುಕೊಳ್ಳಲು ದಂಡೆಯಲ್ಲಿ ಒಬ್ಬರು ಬೇರೆಯೇ ಇರಲಿ. ಬಾವಿಯ ಪಂಪನ್ನು ಆಫ್ ಮಾಡಿ, ಫ್ಯೂಸು ಕಳಚಿ ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಯಂತ್ರವನ್ನು ನೀರಿಗಿಳಿಸಿ.