ಹಚ್ಚೆ

ನಮ್ಮಲ್ಲಿ ಅನೇಕರು ಅಜ್ಜಿಯ ಮುಂಗೈಯ ಮೇಲೆ ಹಸುರುಗಪ್ಪಾದ ಒಂದು ರಂಗೋಲೆಯನ್ನೋ, ತುಳಸಿಯ ಕಟ್ಟೆಯನ್ನೋ, ಚೇಳನ್ನೋ ಕಂಡವರು. ಎಳೆತನದಲ್ಲಿ ಅದನ್ನು ಉಗುಳು ಹಚ್ಚಿ ತಿಕ್ಕಿ ನೋಡಿದವರೂ ಕೆಲವರಿರಬೇಕು. ಅರುವತ್ತು ವರ್ಷ ಅರಿಸಿನ ಸೀಗೆಕಾಯಿಗಳನ್ನು ಕಂಡ ಆ ಕೈ ಸುಕ್ಕುಗಟ್ಟಿತು. ಹಚ್ಚೆ ಮಾತ್ರ ಹೋಗಲಿಲ್ಲ. ಏಕೆ ಹೋಗಲಿಲ್ಲವೆಂಬುದಕ್ಕೆ ಪಂಡಿತರು ಬಹುಕಾಲ ಕೊಡುತ್ತಿದ್ದ ಉತ್ತರವು ಪೂರ್ತಿ ಸರಿಯಲ್ಲವೆಂದು ಈಚೆಗೆ ತಿಳಿದುಬಂದಿದೆ.

ಈ ವಿದ್ಯೆ ಬಹಳ ಹಳೆಯದು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ದೇಹದಲ್ಲಿ 61 ಹಚ್ಚೆಗೆರೆಗಳನ್ನು ಎಣಿಸಿದ್ದಾರೆ. ನಮ್ಮ ಹಳ್ಳಿಗಳಿಗೆ ಬರುತ್ತಿದ್ದ ಕೊರವಂಜಿಯ ಸಾಮಗ್ರಿಯಾದರೋ ಬಹು ಸ್ವಲ್ಪ: ಒಂದು ಕಟ್ಟು ಸೂಜಿ, ದೀಪದ ಕಪ್ಪು, ಸೊಪ್ಪಿನ ರಸ. ಹುಡುಗಿ ನೋವನ್ನು ಮರೆಯಲೆಂದು ಅವಳು ಹಾಡುತ್ತಲೂ ಇದ್ದಳು.

ನಮ್ಮ ಚರ್ಮಕ್ಕೆ ಎರಡು ಪದರಗಳುಂಟು. ಮೇಲ್ದೊಗಲು ಕಾಗದದಂತೆ ತೆಳುವಾದದ್ದು. ಅದು ದಿನದಿನವೂ ಸವೆದು ಉದುರುತ್ತ, ಹೆಚ್ಚು ಕಡಮೆ ತಿಂಗಳೊಳಗೆ ಹೊಸದಾಗುತ್ತದೆ. ಮದರಂಗಿಯ ಬಣ್ಣ ಇದರಲ್ಲಿಯೇ ನಿಲ್ಲುವುದರಿಂದ ಇದರೊಡನೆಯೇ ಹೋಗುತ್ತದೆ. ಹಚ್ಚೆಯ ಸೂಜಿಯು ಇದನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದಲ್ಲಿ, ರಕ್ತನಾಳಗಳಿರುವ ಒಳದೊಗಲಿನಲ್ಲಿ ಕಪ್ಪನ್ನು ಇಳಿಸುತ್ತದೆ. ದೇಹಕ್ಕೆ ಇದೊಂದು ಗಾಯ. ಕಾವಲು ಕೋಶಗಳು ಧಾವಿಸಿ ಬಂದು ಅನ್ಯವಸ್ತುವನ್ನು ನುಂಗುತ್ತವೆ. ರೋಗಾಣುವಾಗಿದ್ದರೆ ಅವು ಅರಗಿಸಿಕೊಳ್ಳುತ್ತಿದ್ದವು, ಮಸಿ ಅರಗುವುದಿಲ್ಲ. ನುಂಗಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಯೇ ಕುಳಿತಿರುತ್ತವೆ. ನಾವು ಹಚ್ಚೆಯೆಂದು ಕರೆಯುವುದು ಬಹುಮಟ್ಟಿಗೆ ಈ ಕೋಶಗಳ ಸಾಲನ್ನೇ.

ಒಳದೊಗಲಿನ ಕೋಶಗಳು ದೀರ್ಘಾಯುಗಳು, ಆದುದರಿಂದ ಬಣ್ಣವೂ ಉಳಿಯುತ್ತದೆ ಎಂಬುದು ಹಳೆಯ ಅಭಿಪ್ರಾಯ. ಫ್ರಾನ್ಸಿನ ಮಾರ್ಸೇ ನಗರದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಚ್ಚೆ ಚುಚ್ಚಿದ ಇಲಿಗಳಲ್ಲಿ ಈ ಕಾವಲು ಕೋಶಗಳನ್ನೇ ಕೊಂದು ನೋಡಿದರು. ಹಚ್ಚೆ ಮಾಸಲಿಲ್ಲ! ಸತ್ತ ಕೋಶವು ಬಿಟ್ಟ ಕಪ್ಪು ಅಲ್ಲಿಯೇ ಉಳಿಯಿತು. ಹೊಸದಾಗಿ ಬಂದ ಕೋಶವು ಅದನ್ನು ನುಂಗಿತು. ಎಂದರೆ ಅಜ್ಜಿಯ ಕೈಯ ಚೇಳನ್ನು ಹಿಡಿದಿದ್ದ ಕಾವಲುಗಾರರು ಎಷ್ಟೋ ಸಲ ಬದಲಾಗಿದ್ದಾರೆ. ಭಾರ ಮಾತ್ರ ಕೈಯಿಂದ ಕೈಗೆ ಬಂದಿದೆ. ಅಷ್ಟಿಷ್ಟು ಕಪ್ಪು ದುಗ್ಧರಸದೊಡನೆ ಹರಿದು ಕಂಕುಳಿನ ಗ್ರಂಥಿಗಳನ್ನೂ ಸೇರುವುದುಂಟು. ಕಪ್ಪು ನೀಲಿಯಾಗಿ ಕಾಣುವುದು ಚರ್ಮದ ಮೂಲಕ ನೋಡುವುದರಿಂದ: ಕೆಂಪು ಬೆಳಕು ಆಳಕ್ಕಿಳಿದು ಮಸಿಯಲ್ಲಿ ಅಡಗುತ್ತದೆ, ನೀಲಿ ಬೆಳಕು ಮೇಲೆಯೇ ಚದುರಿ ಹಿಂದಿರುಗುತ್ತದೆ.

ಸತ್ತ ಮೇಲೆ ಜೊತೆಗೆ ಬರುವ ಒಡವೆ ಇದೊಂದೇ ಎಂದು ನಮ್ಮ ಮುದುಕಿಯರು ನಂಬಿದ್ದರು. ಆ ನಂಬಿಕೆಯನ್ನು ನಾವು ಹಳಿಯಲಾರೆವು. ಆದರೆ ಒಪ್ಪಿಗೆಯನ್ನು ಕೇಳುವ ವಯಸ್ಸೂ ಆಗದ ಹುಡುಗಿಯರ ಹಣೆಗೆ ಹಾಕಿದ ಗುರುತನ್ನು ಅವರು ಆಯುಷ್ಯವೆಲ್ಲ ಹೊರಬೇಕಾಯಿತೆಂಬುದನ್ನೂ ಮರೆಯಲಾರೆವು. ಓದಿದ ಮೊಮ್ಮಕ್ಕಳು ಅದನ್ನು ನೋಡಿ ನಾಚಿಕೊಂಡದ್ದೂ ಉಂಟು. ಅವರ ಮಕ್ಕಳೇ ಈಗ ಹಣ ತೆತ್ತು ಚುಚ್ಚಿಸಿಕೊಳ್ಳುತ್ತಾರೆ.

ಚುಚ್ಚಿಸಿಕೊಳ್ಳುವವರು ಮೊದಲು ಸೂಜಿಯನ್ನು ವಿಚಾರಿಸತಕ್ಕದ್ದು. ಒಬ್ಬರ ರಕ್ತ ಹತ್ತಿದ ಸೂಜಿ ಇನ್ನೊಬ್ಬರನ್ನು ಚುಚ್ಚಿದರೆ ಯಕೃತ್ತಿನ ಉರಿಯೂತವನ್ನು ತರುವ ಬಿ ಮತ್ತು ಸಿ ವೈರಸ್ಸುಗಳೂ ಎಚ್.ಐ.ವಿ.ಯೂ ದಾಟಬಲ್ಲವು. ಜಾತ್ರೆಯ ಗುಂಪಿನಲ್ಲಿ ಕೇಳಲು ಸಂಕೋಚವಾದರೂ ಹೊಸ ಸೂಜಿಯನ್ನೂ ಹೊಸ ಬಣ್ಣದ ಬಟ್ಟಲನ್ನೂ ಕೇಳಲೇಬೇಕು.

ಬೇಡವಾದರೆ ಲೇಸರ್ ಇದೆಯಲ್ಲ ಎನ್ನುವವರುಂಟು. ಲೇಸರಿನ ಬೆಳಕು ಕಪ್ಪಿನ ಹರಳುಗಳನ್ನು ಕ್ಷಣದ ಅತ್ಯಲ್ಪಾಂಶದಲ್ಲಿ ಒಡೆದು ಚೂರು ಮಾಡುತ್ತದೆ. ಸಣ್ಣ ಚೂರುಗಳನ್ನು ದುಗ್ಧರಸ ಒಯ್ಯುತ್ತದೆ, ಉಳಿದವನ್ನು ಹೊಸ ಕಾವಲುಗಾರರು ಮತ್ತೆ ನುಂಗುತ್ತಾರೆ. ಆದುದರಿಂದ ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಮಾಡಿಸಬೇಕು. ಕಪ್ಪು ಬೇಗ ಮಣಿಯುತ್ತದೆ; ಹಳದಿ, ಹಸುರುಗಳು ಹಟಮಾರಿಗಳು.