ಮರೆಯಲ್ಲಿರುವ ಕೋವಿ

ಆಯುಧವನ್ನು ಕುರಿತು ಮಾತನಾಡುವುದು ಕೊಡಗಿನವನಿಗೆ ಹೊಸತಲ್ಲ. ನಮ್ಮ ಐನ್‌ಮನೆಗಳಲ್ಲಿ ಕೋವಿಯು ದೇವರ ದೀಪದಷ್ಟೇ ಪರಿಚಿತವಾದ ವಸ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು; ಊರಿಗೆ ಸುದ್ದಿ ಮುಟ್ಟಿಸುತ್ತಿದ್ದುದು ಹಾಗೆ. ಭತ್ತದ ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಗೊಳಿಸಿ, ತೋಕ್ ಪೂವನ್ನಿಟ್ಟು ಪೂಜಿಸುತ್ತೇವೆ. 1861ರಲ್ಲಿ ಮಾರ್ಕ್ ಕಬ್ಬನ್ನರ ಕಾಲಕ್ಕೆ ದೊರೆತ ವಿನಾಯಿತಿಯು ರೂಪ ಬದಲಿಸುತ್ತ ಉಳಿದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು.

ಇಷ್ಟನ್ನು ಹೇಳಿದ್ದು ನನ್ನ ಸೋದರಳಿಯನ ಕಾಗದದ ಕಾರಣದಿಂದ. ಆತನಿರುವುದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ರಾತ್ರಿ ಪಾಳಿಯ ಕೆಲಸ. ಜೊತೆಯವನೊಬ್ಬನನ್ನು ಕಾರು ನಿಲ್ಲಿಸುವ ಜಾಗದಲ್ಲಿ ಅಡ್ಡಗಟ್ಟಿ ದೋಚಿದರಂತೆ. "ಮಾವ, ನಾನೂ ಒಂದು ಪಿಸ್ತೂಲನ್ನು ಅಂಗಿಯ ಮರೆಯಲ್ಲಿ ಇಟ್ಟುಕೊಳ್ಳಬೇಕೆಂದಿದ್ದೇನೆ. ನಾವು ಕೋವಿಯ ಮನೆಯವರಲ್ಲವೆ?" ಎಂದು ಬರೆದಿದ್ದ.

ಕೋವಿಯ ಮನೆಯವರು ಹೌದು. ಆದರೆ ನಮ್ಮ ಕೋವಿ ಮೂರು-ನಾಲ್ಕು ಅಡಿ ಉದ್ದದ್ದು. ಹೆಗಲಿಗೇರಿಸಿ ಹೊರಟವನನ್ನು ಓಣಿಯ ಮುದುಕರೆಲ್ಲ ಕಾಣುತ್ತಾರೆ, "ಎಲ್ಲಿಗೆ ಮಗು, ಮುಖವೇಕೆ ಹೀಗೆ?" ಎಂದು ಕೇಳುತ್ತಾರೆ. ಕುಡಿದು ಬಂದವನ ಕೈಯಿಂದ ಅದನ್ನು ಕಿತ್ತಿಡುವ ಹಿರಿಯರಿರುತ್ತಾರೆ. ಮರೆಯಲ್ಲಿರುವ ಕೋವಿಗೆ ಈ ಕಾವಲಿಲ್ಲ. ಅದು ಇರುವುದು ಧರಿಸಿದವನೊಬ್ಬನಿಗೇ ಗೊತ್ತು. ಓಣಿಯ ಹಿರಿಯರು ಮಾಡುತ್ತಿದ್ದ ಕೆಲಸವನ್ನೆಲ್ಲ ಅವನೊಬ್ಬನೇ ಮಾಡಬೇಕು. ನಾನು ಅವನಿಗೆ ಬರೆದ ಉತ್ತರದ ತಿರುಳು ಇದೇ.

ಕಾನೂನಿನ ಮಾತು ಸ್ವಲ್ಪ. ತಾತ್ಕಾಲಿಕ ವೀಸಾದ ಮೇಲೆ ಅಲ್ಲಿರುವವರು, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳ ಹೊರತು, ಬಂದೂಕನ್ನು ಹೊಂದುವುದೇ ಅಪರಾಧ. ನಮ್ಮವನಿಗೆ ಖಾಯಂ ನಿವಾಸದ ಪತ್ರ ದೊರೆತಿದೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಬೇರೆ ನಿಷೇಧವಿಲ್ಲದ 21 ತುಂಬಿದವರು ಪರವಾನಗಿಯಿಲ್ಲದೆಯೂ ಪಿಸ್ತೂಲನ್ನು ಒಯ್ಯಬಹುದು. ಒಯ್ಯಬಹುದೆಂದ ಮಾತ್ರಕ್ಕೆ ಕಲಿಯಬೇಕಾಗಿಲ್ಲವೆಂದು ಅರ್ಥವಲ್ಲ. ಪರವಾನಗಿಯ ತರಗತಿ ನಾಲ್ಕರಿಂದ ಆರು ಗಂಟೆಯದು. ಬರವಣಿಗೆಯ ಪರೀಕ್ಷೆಯೂ ಗುರಿಯ ಪರೀಕ್ಷೆಯೂ ಇವೆ. ಅದನ್ನು ಮಾಡಿಯೇ ತೀರಬೇಕೆಂದು ಬರೆದೆ. ಶಾಲೆಗೆ ಒಯ್ಯುವಂತಿಲ್ಲ, ಆದಾಯದ 51 ಪಾಲು ಮದ್ಯದಿಂದ ಬರುವ ಅಂಗಡಿಗೆ ಒಯ್ಯುವಂತಿಲ್ಲ. ನನ್ನ ಕೇಳಿದರೆ, ಒಂದು ತೊಟ್ಟು ಕುಡಿಯುವ ದಿನ ಅದು ಮನೆಯಲ್ಲೇ ಇರಬೇಕು.

ಇನ್ನು ಆಯುಧ. ಗ್ಲಾಕ್‌ನಂತಹ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಹೆಬ್ಬೆರಳಿನಿಂದ ಸರಿಸುವ ಸುರಕ್ಷಾ ಕೀಲಿ ಇರುವುದಿಲ್ಲ. ಟ್ರಿಗರ್ ಒತ್ತಿದರೆ ಗುಂಡು ಹಾರಿತು. ಆದ್ದರಿಂದ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿಯಾದ ಒರೆ ಅತ್ಯವಶ್ಯ. ಬರಿದೇ ಜೇಬಿಗೆ ತುರುಕಿದ ಪಿಸ್ತೂಲಿನ ಟ್ರಿಗರಿಗೆ ಬೀಗದ ಕೈಯೊಂದು ಸಿಕ್ಕಿಕೊಂಡರೂ ಸಾಕು. ತೋಟಾ ತೆಗೆದಾಗಲೂ ಅದು ತುಂಬಿದೆಯೆಂದೇ ಭಾವಿಸು. ನಳಿಕೆಯನ್ನು ಯಾರತ್ತಲೂ ತಿರುಗಿಸಬೇಡ. ಗುರಿ ನಿಶ್ಚಯವಾಗುವವರೆಗೆ ಬೆರಳು ಟ್ರಿಗರಿಗೆ ತಾಗಬಾರದು. ಗುರಿಯ ಹಿಂದೆ ಏನಿದೆಯೆಂದು ನೋಡು. ಇವನ್ನು ನನ್ನ ತಂದೆ ನನಗೆ ಕಲಿಸಿದ್ದರು. ಅಲ್ಲಿಯ ಶಿಕ್ಷಕರೂ ಇವನ್ನೇ ಕಲಿಸುತ್ತಾರೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೀದಿಯ ಕಳ್ಳನಲ್ಲ. ಅಳಿಯನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ದಿಂಬಿನ ಕೆಳಗೆ, ಹೆಂಡತಿಯ ಕೈಚೀಲದಲ್ಲಿ, ಕಾರಿನ ಗೂಡಿನಲ್ಲಿ ಇಟ್ಟದ್ದನ್ನು ಆ ವಯಸ್ಸಿನ ಮಗು ಹುಡುಕದೆ ಬಿಡುವುದಿಲ್ಲ. 17 ತುಂಬದವರ ಕೈಗೆ ತುಂಬಿದ ಬಂದೂಕು ಎಟುಕುವಂತೆ ಬಿಡುವುದು ಟೆಕ್ಸಾಸಿನಲ್ಲೂ ಅಪರಾಧವೇ. ಆದರೆ ಆ ಶಿಕ್ಷೆಯಿಂದ ಮಗು ಮರಳಿ ಬರುವುದುಂಟೆ? ಸೊಂಟದಿಂದ ಇಳಿದೊಡನೆ ಅದು ಬೀಗವಿರುವ ಉಕ್ಕಿನ ಪೆಟ್ಟಿಗೆಗೆ ಸೇರಬೇಕು, ನಡುವೆ ಇನ್ನೆಲ್ಲಿಯೂ ಅಲ್ಲ.

ಬರೆಯಲು ಕಷ್ಟವಾದ ಮಾತು ಇನ್ನೊಂದಿತ್ತು. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಸಾಯುವವರು. 2021ರಲ್ಲಿ ಅಂಥವರು 26 ಸಾವಿರಕ್ಕೂ ಮೇಲೆ. ಹಿಂದಿನ ವರ್ಷ ತಾಯಿ ತೀರಿಕೊಂಡಾಗ ಅವನು ಊರಿಗೆ ಬರಲಾಗಲಿಲ್ಲ; ತಿಂಗಳುಗಟ್ಟಲೆ ಯಾರೊಡನೆಯೂ ಮಾತಾಡಲಿಲ್ಲ. "ಅಂತಹ ದಿನಗಳು ಮತ್ತೆ ಬಂದರೆ ಆ ವಸ್ತು ಮನೆಯಲ್ಲಿರಬಾರದು ಮಗು, ನಂಬಿಗಸ್ತ ಗೆಳೆಯನ ಬಳಿ ಒಪ್ಪಿಸಿಬಿಡು. ಅದನ್ನು ಮಾಡಲಾರೆಯಾದರೆ ಕೊಳ್ಳಲೇಬೇಡ" ಎಂದು ಬರೆದೆ. ಅಡ್ಡಗಟ್ಟಿದವನು ದುಡ್ಡು ಕೇಳಿದರೆ ಕೊಟ್ಟು ಬರುವುದು ಹೇಡಿತನವಲ್ಲವೆಂದೂ ಸೇರಿಸಿದೆ. ಕೊಡವನಾದ ನಾನು ಹೀಗೆ ಬರೆದದ್ದಕ್ಕೆ ಕೆಲವರು ನಕ್ಕಾರು, ನಗಲಿ.

ಉತ್ತರ ಬಂದಿದೆ. ಮುಂದಿನ ತಿಂಗಳು ತರಗತಿಗೆ ಸೇರುತ್ತಾನಂತೆ. ಉಕ್ಕಿನ ಪೆಟ್ಟಿಗೆಯನ್ನು ಕೊಂಡು ಗೋಡೆಗೆ ಬಿಗಿಸಿದ್ದಾನೆ. ಪಿಸ್ತೂಲಿನ ಮಾತು ಹೆಂಡತಿಯೊಡನೆ ಇನ್ನೂ ಮುಗಿದಿಲ್ಲವಂತೆ.