ಒಂದು ದಿನದ ಹೊರಸಂಚಾರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಫ್ಟ್‌ವೇರ್ ಕೆಲಸಕ್ಕೆ ಸೇರುವುದು ಹೇಗೆ ಎಂದು ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂತ ಸಮಿತಿಯವರು ನನ್ನನ್ನು ಕರೆದರು. ಅದನ್ನು ಊಟ ಆದ ಮೇಲೆ ಯಾರು ಕೇಳಿದರೂ ಹೇಳುತ್ತೇನೆ. ಇಲ್ಲಿ ನಿಂತಾಗ ನನಗೆ ನೆನಪಾಗುವುದು ಬೇರೆ ವಿಷಯ. ಅದು ಹೊರಸಂಚಾರದ ವಿಷಯ.

2002ರಲ್ಲಿ ನಾನು ಒಂಬತ್ತನೇ ತರಗತಿ. ಆ ವರ್ಷ ಶಾಲೆಯಿಂದ ಮೈಸೂರು, ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಟಿತ್ತು. ನಮ್ಮ ತೋಟಕ್ಕೆ ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿತ್ತು. ಮನೆಯಲ್ಲಿ ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಹಾಗೆ ಉಳಿದವರು ಒಟ್ಟು ಏಳು ಜನ. ಪ್ರವಾಸದಿಂದ ಬಂದವರು ವಾರಗಟ್ಟಲೆ ಬೃಂದಾವನದ ಕಾರಂಜಿಯ ಕಥೆ ಹೇಳುವಾಗ ನಾವು ಏಳು ಜನ ಕೈತೊಳೆಯುವ ನೆಪದಲ್ಲಿ ನಲ್ಲಿ ಹತ್ತಿರ ನಿಲ್ಲುತ್ತಿದ್ದೆವು. ಇದನ್ನು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಗಮನಿಸಿದ್ದರು. ಒಂದು ಭಾನುವಾರ ಬೆಳಿಗ್ಗೆ ನಮ್ಮನ್ನು ಬಸ್ ಸ್ಟ್ಯಾಂಡಿಗೆ ಬರಹೇಳಿ, ಸಹಕಾರ ಸಾರಿಗೆ ಬಸ್ಸು ಹತ್ತಿಸಿ, ಏಳು ಜನರ ಟಿಕೆಟ್ಟನ್ನೂ ತಾವೇ ತೆಗೆಸಿ ಶೃಂಗೇರಿಗೆ ಕರೆದುಕೊಂಡು ಹೋದರು.

ಈಗಿನ ಮಕ್ಕಳಿಗೆ ಆ ಬಸ್ಸು ಗೊತ್ತಿರಲಾರದು. ಕೆಲಸ ಕಳೆದುಕೊಂಡ ಬಸ್ಸಿನ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರು, ಕಂಡಕ್ಟರುಗಳೇ ಅದರ ಮಾಲೀಕರು. 2020ರಲ್ಲಿ ಅದರ ಓಡಾಟ ನಿಂತಿತು. ನಮ್ಮ ಕಾಲದ ಎಷ್ಟೋ ಜನ ಓದಿದ್ದು ಆ ಬಸ್ಸುಗಳ ಕಾರಣದಿಂದ.

ಶೃಂಗೇರಿಯಲ್ಲಿ ಮೇಷ್ಟ್ರು ನಮಗೆ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿ ಕಂಬಗಳನ್ನು ಒಂದೊಂದಾಗಿ ಎಣಿಸಲು ಹೇಳಿದರು. ಆಮೇಲೆ ತುಂಗೆಯ ಮೆಟ್ಟಿಲ ಮೇಲೆ ಕೂರಿಸಿ, ಮೀನಿಗೆ ಮಂಡಕ್ಕಿ ಹಾಕುತ್ತಿದ್ದ ನಮ್ಮನ್ನು ಕೇಳಿದರು: "ಅರಬ್ಬೀ ಸಮುದ್ರ ಯಾವ ಕಡೆಗಿದೆ?" ನಾವು ಘಟ್ಟದ ಕಡೆ ಕೈ ತೋರಿಸಿದೆವು. "ಹಾಗಾದರೆ ಈ ನೀರು ಎಲ್ಲಿಗೆ ಹೋಗುತ್ತೆ?" ಎಲ್ಲರೂ ಅದೇ ಕಡೆ ಕೈ ತೋರಿಸಿದೆವು. ಅವರು ನಕ್ಕು, ಸಮುದ್ರ ಇಷ್ಟು ಹತ್ತಿರ ಇದ್ದರೂ ತುಂಗೆ ಅದಕ್ಕೆ ಬೆನ್ನು ಹಾಕಿ ಹೋಗುತ್ತಾಳೆ ಎಂದರು. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ತುಂಗೆ, ಭದ್ರೆಯರಲ್ಲಿ ಒಬ್ಬಳು ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ ದಾರಿ ಹಿಡಿಯುತ್ತಾಳೆ, ಇನ್ನೊಬ್ಬಳು ಕಳಸ, ಬಾಳೆಹೊನ್ನೂರು ದಾರಿ. ಇಬ್ಬರೂ ಕೂಡ್ಲಿಯಲ್ಲಿ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ಪುಸ್ತಕದಲ್ಲಿ ಓದಿದ್ದ ಪಾಠವೇ. ಆದರೆ ನೀರಿನಲ್ಲಿ ಕಾಲಿಟ್ಟುಕೊಂಡು ಕೇಳಿದ್ದು ಇವತ್ತಿಗೂ ಮರೆತಿಲ್ಲ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಕೊಪ್ಪದವನು ಅಂದರೆ ಸಾಕು, ಆಫೀಸಿನವರೆಲ್ಲ ಸಿರಿಮನೆ ಜಲಪಾತ, ಕುಂದಾದ್ರಿ, ಆಗುಂಬೆ ಎಂದು ಬೆನ್ನು ಹತ್ತುತ್ತಿದ್ದರು. ವರ್ಷಕ್ಕೆ ಎರಡು ಸಲವಾದರೂ ಗೆಳೆಯರನ್ನು ಕಾರಿನಲ್ಲಿ ತುಂಬಿಕೊಂಡು ಬರುತ್ತಿದ್ದೆ. ಬೆಳಗಿನ ಜಾವವೇ ಎದ್ದು ಕಡುಬು ಬೇಯಿಸಿ, ಬಾಡಿಸಿದ ಬಾಳೆಲೆಯಲ್ಲಿ ಮೊಸರನ್ನ, ಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದವಳು ಅಮ್ಮ. "ನೀನೂ ಬಾರಮ್ಮ" ಅಂದರೆ, "ಕೊಟ್ಟಿಗೆ ಕೆಲಸ ಯಾರು ಮಾಡ್ತಾರೆ? ನೀವು ಹೋಗಿ ಬನ್ನಿ" ಅನ್ನುವಳು. ನಾನೂ ಎರಡನೇ ಸಲ ಕರೆಯುತ್ತಿರಲಿಲ್ಲ.

ಒಂದು ದಸರಾ ರಜೆಯಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಸಿರಿಮನೆಯ ಫೋಟೋ ತೋರಿಸಿ, "ಅಜ್ಜಿ, ನೀನು ಇದರ ಕೆಳಗೆ ನಿಂತಿದೀಯಾ?" ಎಂದು ಕೇಳಿದಳು. ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಫೋಟೋ ನೋಡಿ, "ಕಿಗ್ಗದವರೆಗೆ ಹೋಗಿದೀನಿ. ಮಳೆ ಬಾರದ ವರ್ಷ ನಿನ್ನ ಮುತ್ತಜ್ಜನ ಜೊತೆ ಋಷ್ಯಶೃಂಗನಿಗೆ ಪೂಜೆ ಮಾಡ್ಸಕ್ಕೆ. ಅಲ್ಲಿಂದ ಮುಂದೆ ಹೋಗಿಲ್ಲ" ಅಂದಳು. ಕಿಗ್ಗದಿಂದ ಸಿರಿಮನೆಗೆ ಕಾರಿನಲ್ಲಿ ಕಾಲು ಗಂಟೆಯ ದಾರಿ. ಹೊರಗಿನ ಎಷ್ಟು ಜನರಿಗೆ ನಾನು ಆ ಜಾಗ ತೋರಿಸಿದ್ದೆನೋ ಲೆಕ್ಕವಿಲ್ಲ. ಅವರಿಗೆಲ್ಲ ಬುತ್ತಿ ಕಟ್ಟಿಕೊಟ್ಟವಳು ಅದನ್ನು ನೋಡಿರಲಿಲ್ಲ.

ಮರುದಿನವೇ ಹೊರಟೆವು. ಪಕ್ಕದ ಮನೆಯ ಅತ್ತಿಗೆ ಹಾಲು ಕರೆಯುವುದನ್ನು ಒಪ್ಪಿಕೊಂಡರು. ಇಷ್ಟು ವರ್ಷ ಬಗೆಹರಿಯದ ಸಮಸ್ಯೆ ಎರಡು ನಿಮಿಷದಲ್ಲಿ ಬಗೆಹರಿಯಿತು. ಅಮ್ಮ ಜಲಪಾತದ ಎದುರು ತುಂಬಾ ಹೊತ್ತು ಸುಮ್ಮನೆ ನಿಂತಿದ್ದಳು. ಫೋಟೋ ತೆಗೆಯಲು ಹೋದರೆ, "ತಡಿಯೋ, ನೋಡ್ಕಳ್ತೀನಿ" ಅಂದಳು.

ವಾಪಸ್ ಬರುವಾಗ ರಸ್ತೆ ಬದಿಯ ಒಂದು ಹಳ್ಳದಲ್ಲಿ ಬುತ್ತಿ ಬಿಚ್ಚಿದೆವು. ಊಟ ಮುಗಿಸಿ ಮಗಳು, ತಂಗಿಯ ಮಗ ಪಾದ ಮುಳುಗುವಷ್ಟು ನೀರಿನಲ್ಲಿ ಆಡುತ್ತಿದ್ದರು. ನಮ್ಮ ತಲೆಯ ಮೇಲೆ ಬಿಸಿಲು. ಮೊಬೈಲಿನ ಹವಾಮಾನವೂ ಮಳೆ ಇಲ್ಲ ಎನ್ನುತ್ತಿತ್ತು. ಅಮ್ಮ, "ಮಕ್ಕಳನ್ನ ಮೇಲೆ ಹತ್ಸು" ಅಂದಳು. "ಇನ್ನೈದು ನಿಮಿಷ ಆಡ್ಲಿ ಬಿಡಮ್ಮ" ಅಂದೆ. ಅವಳು ನನ್ನ ಮಾತಿಗೆ ಕಾಯದೆ ಸೀರೆ ಎತ್ತಿ ಕಟ್ಟಿ ಇಳಿದು, ಇಬ್ಬರನ್ನೂ ರಟ್ಟೆ ಹಿಡಿದು ದಡಕ್ಕೆ ತಂದಳು. ಮಗಳು ಅಳುತ್ತಿದ್ದಳು. ಹತ್ತು ಹದಿನೈದು ನಿಮಿಷ ಆಗಿರಬಹುದು, ಮಕ್ಕಳು ಕೂತು ಆಡುತ್ತಿದ್ದ ಬಂಡೆ ಕೆಂಪು ನೀರಿನಲ್ಲಿ ಮುಳುಗಿತು. ಅದರ ಮೇಲಿಟ್ಟಿದ್ದ ಚಪ್ಪಲಿ ತೇಲಿ ಹೋಯಿತು. ನನ್ನ ಕೈಕಾಲು ನಡುಗುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನೀರು ಕದಡಿತ್ತು. ಹಸಿ ಎಲೆ, ಕಡ್ಡಿ ತೇಲಿ ಬರ್ತಿತ್ತು. ಮೇಲೆ ಗುಡ್ಡದಲ್ಲಿ ಮಳೆ ಹೊಡೀತಿದೆ ಅಂತ ಅಲ್ವಾ?" ಅಂದಳು. ಅವಳು ಜಲಪಾತ ನೋಡಿರಲಿಲ್ಲ, ಆದರೆ ನೀರನ್ನು ನೋಡಲು ಅವಳಿಗೆ ಗೊತ್ತಿತ್ತು. ಹತ್ತಾರು ಸಲ ಅಲ್ಲಿಗೆ ಹೋದ ನನಗೆ ಗೊತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಮ್ಮನನ್ನೇ ಕೇಳಿದೆ, ಎಲ್ಲಿಗೆ ಹೋಗೋಣ ಅಂತ. "ಎಡೇಹಳ್ಳಿಗೆ" ಅಂದಳು. ನರಸಿಂಹರಾಜಪುರಕ್ಕೆ ನಮ್ಮ ಹಿರಿಯರ ಬಾಯಲ್ಲಿ ಈಗಲೂ ಅದೇ ಹೆಸರು. ಅಲ್ಲಿ ಭದ್ರಾ ಹಿನ್ನೀರಿನ ದಡಕ್ಕೆ ನಾನು ಮೊದಲೂ ಹೋಗಿದ್ದೆ. ಸೂರ್ಯಾಸ್ತದ ಫೋಟೋ ಹಾಕಿ ಗೆಳೆಯರಿಂದ ಮೆಚ್ಚುಗೆ ಪಡೆದಿದ್ದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಒಡೆದ ಕೆಸರು, ಮರದ ಬೊಡ್ಡೆಗಳು ಕಾಣುತ್ತಿದ್ದವು. ಅಮ್ಮ ದಡದಲ್ಲಿ ನಿಂತು ಕೈ ಚಾಚಿ, "ಆ ಕಡೆ ಎಲ್ಲೋ ನಮ್ಮ ತವರಿನ ಗದ್ದೆ" ಅಂದಳು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಅವಳು ತೊಟ್ಟಿಲ ಮಗು. ಕಂಡ ನೆನಪಿಲ್ಲ. ನನ್ನ ಅಜ್ಜಿ ದಡಕ್ಕೆ ಬಂದಾಗಲೆಲ್ಲ ಅದೇ ದಿಕ್ಕಿಗೆ ಕೈ ಮಾಡುತ್ತಿದ್ದರಂತೆ. ಅಣೆಕಟ್ಟೆ ಬೇಡವಾಗಿತ್ತು ಎಂದು ಅಮ್ಮ ಹೇಳಲಿಲ್ಲ. "ದಾವಣಗೆರೆ ಕಡೆ ಎಷ್ಟೋ ಜನರ ಗದ್ದೆಗೆ ಈ ನೀರೇ ಆಗಿದೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮದೂ ಗದ್ದೆಯೇ ಆಗಿತ್ತು" ಅಂದಳು. ಪೇಪರಿನಲ್ಲಿ ಭದ್ರಾ ಮಟ್ಟ 186 ಅಡಿ ಮುಟ್ಟಿತು ಎಂದು ಓದಿದಾಗಲೆಲ್ಲ ನನಗೆ ಈಗ ಆ ಮಾತು ನೆನಪಾಗುತ್ತದೆ.

ಹೊರಗಿನಿಂದ ಬರುವವರಿಗೆ ನಮ್ಮ ಊರು ಚಂದದ ಜಾಗ. ಬರಲಿ, ನೋಡಲಿ, ಅದರಿಂದ ಊರಿನ ನಾಲ್ಕು ಜನರಿಗೆ ಹೊಟ್ಟೆಪಾಡೂ ಆಗುತ್ತದೆ. ಆದರೆ ಊರು ಬಿಟ್ಟುಹೋದ ನನ್ನಂಥವರು ಅವರ ಹಾಗೆಯೇ ಬಂದು, ನೋಡಿ, ಹೊರಟುಬಿಟ್ಟರೆ ಅಮ್ಮಂದಿರಿಗೆ ಗೊತ್ತಿರುವುದು ಅಮ್ಮಂದಿರ ಜೊತೆಗೇ ಮುಗಿದುಹೋಗುತ್ತದೆ.

ಅದಕ್ಕೇ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನಮ್ಮ ಬ್ಯಾಚಿನವರು ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಮುಖ್ಯೋಪಾಧ್ಯಾಯರು ಒಪ್ಪಿದರೆ, ಪ್ರತಿವರ್ಷ ಮಳೆಗಾಲ ಪೂರ್ತಿ ಮುಗಿದ ಮೇಲೆ ಒಂಬತ್ತನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ದಿನದ ಹೊರಸಂಚಾರ ಏರ್ಪಡಿಸುವುದು. ಬಸ್ಸಿನ ಬಾಡಿಗೆ, ಊಟದ ಖರ್ಚು ನಮ್ಮದು. ದುಡ್ಡಿಲ್ಲ ಎಂದು ಒಂದು ಮಗುವೂ ಶಾಲೆಯಲ್ಲಿ ಉಳಿಯಬಾರದು. ಮೊದಲ ವರ್ಷ ಶೃಂಗೇರಿ, ಕಿಗ್ಗ, ಸಿರಿಮನೆ. ಎರಡನೇ ವರ್ಷ ಬಾಳೆಹೊನ್ನೂರು, ನರಸಿಂಹರಾಜಪುರ. ಮೂರನೇ ವರ್ಷ ನಮ್ಮ ತಾಲೂಕಿನಲ್ಲೇ ಇರುವ, 1904ರಲ್ಲಿ ಕುವೆಂಪು ಹುಟ್ಟಿದ ಹಿರೇಕೊಡಿಗೆ, ಅಲ್ಲಿಂದ ಕುಪ್ಪಳಿ.

ನಮ್ಮದು ಮೂರೇ ಷರತ್ತು. ತಗೊಂಡು ಹೋದ ಪ್ಲಾಸ್ಟಿಕ್ಕು, ಬಾಟಲಿ ಎಲ್ಲ ವಾಪಸ್ ಬರಬೇಕು. ಹಿರಿಯರು ಹೇಳದೆ ಯಾರೂ ನೀರಿಗೆ ಇಳಿಯಬಾರದು. ಮೂರನೆಯದು, ಬಸ್ಸಿನಲ್ಲಿ ಹತ್ತು ಸೀಟು ಊರಿನ ಅಜ್ಜಿಯರಿಗೆ, ಅಮ್ಮಂದಿರಿಗೆ. ಆ ಜಾಗ ಇನ್ನೂ ನೋಡದವರಿಗೆ ಮೊದಲ ಆದ್ಯತೆ. ಅವರು ದಾರಿಯುದ್ದಕ್ಕೂ ಹೇಳುವ ಗಿಡ, ಹಳ್ಳ, ಗದ್ದೆಗಳ ಹೆಸರುಗಳನ್ನು ಮಕ್ಕಳು ಬರೆದಿಟ್ಟುಕೊಳ್ಳಬೇಕು.

ನಮ್ಮ ಮೇಷ್ಟ್ರು ಈಗ ನಿವೃತ್ತರು. ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಸರ್, ಅವತ್ತಿನ ಏಳು ಟಿಕೆಟ್ಟಿನ ಸಾಲ ನಮ್ಮ ಮೇಲೆ ಹಾಗೇ ಇದೆ. ಮೊದಲ ಬಸ್ಸಿಗೆ ನೀವೂ ಬರಬೇಕು. ಅಮ್ಮನೂ ಬರುತ್ತಾಳೆ. ಕೊಟ್ಟಿಗೆ ಕೆಲಸಕ್ಕೆ ಈಗಲೇ ಜನ ಗೊತ್ತು ಮಾಡಿದ್ದೇನೆ.